ಕೀಲಿ ಕೊಟ್ಟ ದಿನದಿಂದ ಹೆಸರು ಬದಲಾಗುವವರೆಗೆ: ಕರ್ನಾಟಕದಲ್ಲಿ ಕಾರಿನ ಮಾಲೀಕತ್ವ ವರ್ಗಾವಣೆ

ಹಣ ಕೈಸೇರಿತು, ಕೀಲಿ ಕೊಂಡವರ ಕೈಗೆ ಹೋಯಿತು, ಕಾರು ಬೀದಿಯ ತಿರುವಿನಲ್ಲಿ ಮರೆಯಾಯಿತು. ಅಲ್ಲಿಗೆ ಮಾರಾಟ ಮುಗಿಯಿತೆಂದು ನಮ್ಮಲ್ಲಿ ಬಹಳಷ್ಟು ಮಂದಿ ತಿಳಿಯುತ್ತಾರೆ. 1988ರ ಮೋಟಾರು ವಾಹನಗಳ ಕಾಯ್ದೆಯ ಲೆಕ್ಕ ಬೇರೆ. ಆ ಕಾಯ್ದೆಯ 2(30)ನೇ ಕಲಮಿನ ಪ್ರಕಾರ, ಸಾಲದ ಕರಾರಿನ ಮೇಲಿರುವ ವಾಹನದಂತಹ ಕೆಲವು ಸಂದರ್ಭಗಳನ್ನು ಬಿಟ್ಟರೆ, ನೋಂದಣಿ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಕಾರು ಯಾರ ಅಂಗಳದಲ್ಲಿ ನಿಂತಿದೆ, ಯಾರು ಓಡಿಸುತ್ತಿದ್ದಾರೆ, ಹಣ ಯಾರಿಗೆ ಸಂದಾಯವಾಗಿದೆ ಎಂಬುದೆಲ್ಲ ಆಮೇಲಿನ ಮಾತು.

ಇದರಿಂದ ಆಗುವ ತೊಂದರೆ ಎಷ್ಟು ದೊಡ್ಡದೆಂಬುದಕ್ಕೆ ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ಕೊಟ್ಟ ಒಂದು ತೀರ್ಪೇ ಸಾಕ್ಷಿ. 2007ರಲ್ಲಿ ಮಾರಾಟವಾದ ಕಾರೊಂದು ಹೆಸರು ಬದಲಾಗದೆಯೇ ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು. 2009ರಲ್ಲಿ ಅದು ಅಪಘಾತ ಮಾಡಿದಾಗ ಅದಕ್ಕೆ ವಿಮೆಯೂ ಇರಲಿಲ್ಲ. ಪರಿಹಾರ ಕೊಡಬೇಕಾದವರು ಯಾರೆಂಬ ಪ್ರಶ್ನೆಗೆ ನ್ಯಾಯಾಲಯವು, ನೋಂದಣಿ ಪುಸ್ತಕದಲ್ಲಿ ಹೆಸರು ಉಳಿದಿದ್ದ ಮೊದಲ ಮಾಲೀಕರೇ ಎಂದಿತು. ನೊಂದವರು ಕಾರಿನ ಮಾರಾಟದ ಸರಪಣಿಯನ್ನು ಹಿಡಿದು ಒಬ್ಬೊಬ್ಬರನ್ನೇ ಹುಡುಕಿಕೊಂಡು ಅಲೆಯಬೇಕಾಗಿಲ್ಲ ಎಂಬುದು ಅದರ ಹಿಂದಿನ ತರ್ಕ. ಹೆಸರು ಬದಲಾಯಿಸಿಕೊಳ್ಳುವುದು ಕೊಂಡವರ ತಲೆನೋವೆಂದು ಸುಮ್ಮನಿರುವ ಮಾರಾಟಗಾರರು ಈ ತೀರ್ಪನ್ನು ನೆನಪಿನಲ್ಲಿಡುವುದು ಒಳ್ಳೆಯದು. ಈ ಕೆಲಸದಲ್ಲಿ ಹೆಚ್ಚು ಅವಸರಪಡಬೇಕಾದವರು ಮಾರಿದವರೇ ಎಂಬುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದ ಈ ಬರಹವನ್ನು ಹೆಚ್ಚಾಗಿ ಅವರ ಕಡೆಯಿಂದಲೇ ಬರೆದಿದ್ದೇನೆ.

ಮೊದಲ ಹಂತ: ಮುಂಗಡಕ್ಕೆ ಮುಂಚೆ ದಾಖಲೆ ನೋಡುವುದು

ಬಣ್ಣ, ಟೈರು, ಎಂಜಿನ್ನಿನ ಸದ್ದು ಇವನ್ನು ಮೆಕ್ಯಾನಿಕ್ ನೋಡಿಕೊಳ್ಳುತ್ತಾರೆ. ಕಾಗದಪತ್ರಗಳನ್ನು ನಾವೇ ನೋಡಬೇಕು. ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ಅಥವಾ ಪರಿವಾಹನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಕೊಟ್ಟರೆ ನೋಂದಣಿಯ ದಿನಾಂಕ, ಆರ್‌ಸಿ, ಅಂದರೆ ನೋಂದಣಿ ಪ್ರಮಾಣಪತ್ರ, ಯಾವಾಗಿನವರೆಗೆ ಊರ್ಜಿತ, ವಿಮೆ ಮತ್ತು ಎಮಿಷನ್ ಪ್ರಮಾಣಪತ್ರಗಳು ಯಾವಾಗ ಮುಗಿಯುತ್ತವೆ, ಬ್ಯಾಂಕಿನ ಸಾಲದ ನಮೂದು ಇದೆಯೇ ಎಂಬ ವಿವರಗಳು ಸಿಗುತ್ತವೆ. ಕೈಯಲ್ಲಿರುವ ಆರ್‌ಸಿ ಸ್ಮಾರ್ಟ್ ಕಾರ್ಡಿನ ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು ಕಾರಿನ ಮೇಲೆ ಕೊರೆದಿರುವ ಸಂಖ್ಯೆಗಳೊಂದಿಗೆ ಅಕ್ಷರಶಃ ಹೋಲಿಸಿ ನೋಡಬೇಕು. ಒಂದೇ ಒಂದು ಅಂಕಿ ತಪ್ಪಿದ್ದರೂ ಆರ್‌ಟಿಓ ಕಚೇರಿಯಲ್ಲಿ ಅರ್ಜಿ ನಿಲ್ಲುತ್ತದೆ; ಅದನ್ನು ಸರಿಪಡಿಸುವ ಕೆಲಸ ಹಳೆಯ ಮಾಲೀಕರ ಹೆಸರಿನಲ್ಲೇ, ಮಾರಾಟಕ್ಕೆ ಮುಂಚೆಯೇ ಆಗಬೇಕು. ಕದ್ದ ವಾಹನವೇನೋ ಎಂಬ ಅನುಮಾನವಿದ್ದವರು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾಹನ್ ಸಮನ್ವಯ್ ಸೇವೆಯಲ್ಲಿ ಪರೀಕ್ಷಿಸಿಕೊಳ್ಳಬಹುದು.

ಸಂಚಾರ ಪೊಲೀಸರ ದಂಡಗಳ ಬಾಕಿಯನ್ನು ಮರೆಯಬಾರದು. ಬೆಂಗಳೂರಿನಲ್ಲಿ ಓಡಿದ ಕಾರಾದರೆ ಸಿಗ್ನಲ್ ಕ್ಯಾಮರಾಗಳ ಕೃಪೆಯಿಂದ ಮಾಲೀಕರಿಗೇ ತಿಳಿಯದ ದಂಡಗಳು ಗುಡ್ಡೆಯಾಗಿರುವುದು ಅಪರೂಪವಲ್ಲ. ಅವನ್ನು ಕಟ್ಟಿ ರಸೀದಿ ಪಡೆದೇ ಮುಂದುವರಿಯಬೇಕು. ಯಾರು ಕಟ್ಟುವುದು ಎಂಬುದನ್ನು ಬೆಲೆ ಮಾತಾಡುವಾಗಲೇ ತೀರ್ಮಾನಿಸಿಕೊಂಡರೆ ಆಮೇಲೆ ಮನಸ್ತಾಪವಿರುವುದಿಲ್ಲ.

ಅತಿ ಸುರಕ್ಷಿತ ನೋಂದಣಿ ಫಲಕ, ಅಂದರೆ ಎಚ್‌ಎಸ್‌ಆರ್‌ಪಿ, ಮತ್ತೊಂದು ಅಡ್ಡಿ. 2019ರ ಏಪ್ರಿಲ್ 1ಕ್ಕಿಂತ ಮುಂಚೆ ನೋಂದಣಿಯಾದ ವಾಹನಗಳಿಗೂ ಇದನ್ನು ಅಳವಡಿಸಬೇಕೆಂದು ಕರ್ನಾಟಕ ಸರ್ಕಾರವು 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಫಲಕ ಹಾಕಿಸದ ವಾಹನಗಳಿಗೆ ಮಾಲೀಕತ್ವ ವರ್ಗಾವಣೆ, ವಿಳಾಸ ಬದಲಾವಣೆ ಮೊದಲಾದ ಸೇವೆಗಳಿಲ್ಲ ಎಂದೂ ಅದರಲ್ಲಿ ಹೇಳಲಾಗಿದೆ. ಹಳೆಯ ಕಾರನ್ನು ಮಾರಲು ಹೊರಟವರು ಈ ಫಲಕವನ್ನು ತಮ್ಮ ಹೆಸರಿನಲ್ಲಿಯೇ ಮೊದಲು ಹಾಕಿಸಿಬಿಡಬೇಕು. ಹಾಗೆಯೇ ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ. ಆ ಗಡುವು ಹತ್ತಿರವಿದ್ದರೆ ನವೀಕರಣದ ಖರ್ಚನ್ನೂ ಹಳೆಯ ವಾಹನಗಳ ಮೇಲಿನ ಹಸಿರು ತೆರಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಬೆಲೆ ಕಟ್ಟಬೇಕು.

ಎರಡನೆಯ ಹಂತ: ಸಾಲದ ನಮೂದನ್ನು ತೆಗೆಸುವುದು

ಕಾರಿನ ಸಾಲದ ಕೊನೆಯ ಕಂತು ಕಟ್ಟಿದ ಮಾತ್ರಕ್ಕೆ ಆರ್‌ಸಿಯಿಂದ ಬ್ಯಾಂಕಿನ ಹೆಸರು ತಾನಾಗಿ ಅಳಿಸಿಹೋಗುತ್ತದೆ ಎಂದುಕೊಂಡವರು ಅನೇಕರು. ಸಾಲ ತೀರಿ ಐದಾರು ವರ್ಷ ಕಳೆದ ಮೇಲೆ, ಕಾರು ಮಾರಲು ಹೊರಟಾಗ, ಆ ನಮೂದು ಹಾಗೆಯೇ ಕುಳಿತಿರುವುದು ಕಣ್ಣಿಗೆ ಬೀಳುತ್ತದೆ. ಆರ್‌ಟಿಓ ಆವರಣದ ಭಾಷೆಯಲ್ಲಿ ಇದನ್ನು ತೆಗೆಸುವುದಕ್ಕೆ ಎಚ್‌ಪಿ ಕ್ಯಾನ್ಸಲ್ ಎನ್ನುತ್ತಾರೆ. ಸಾಲ ಪೂರ್ತಿ ತೀರಿದೆಯೆಂಬ ಪತ್ರವನ್ನೂ, ಬ್ಯಾಂಕು ಮತ್ತು ಮಾಲೀಕರು ಇಬ್ಬರೂ ಸಹಿ ಮಾಡಿದ ನಮೂನೆ 35ನ್ನೂ ಬ್ಯಾಂಕಿನಿಂದ ಪಡೆದು ಆರ್‌ಟಿಓಗೆ ಸಲ್ಲಿಸಬೇಕು. ಬ್ಯಾಂಕಿನ ಪತ್ರಕ್ಕೆ ಅವಧಿಯ ಮಿತಿ ನಮೂದಾಗಿದ್ದರೆ ಅದು ಮುಗಿಯುವ ಮುಂಚೆಯೇ ಸಲ್ಲಿಸಬೇಕು, ಇಲ್ಲವಾದರೆ ಹೊಸ ಪತ್ರಕ್ಕಾಗಿ ಮತ್ತೆ ಶಾಖೆಗೆ ಅಲೆದಾಟ.

ಸಾಲ ಇನ್ನೂ ಬಾಕಿ ಇರುವ ಕಾರನ್ನು ಮಾರುವುದಾದರೆ, ಕೊಳ್ಳುವವರು ಕೊಡುವ ಹಣದಲ್ಲಿ ಬಾಕಿಯಷ್ಟು ಮೊತ್ತ ನೇರವಾಗಿ ಸಾಲದ ಖಾತೆಗೇ ಜಮೆಯಾಗುವಂತೆ ಮಾಡಿಕೊಳ್ಳುವುದು ಇಬ್ಬರಿಗೂ ಕ್ಷೇಮ. ಬ್ಯಾಂಕಿನ ಒಪ್ಪಿಗೆಯಿಲ್ಲದೆ ಹೆಸರು ಬದಲಾಗುವುದಿಲ್ಲ. ಕಂತುಗಳನ್ನು ನೀವು ಕಟ್ಟಿಕೊಂಡು ಹೋಗಿ, ಹೆಸರು ಆಮೇಲೆ ಮಾಡಿಸೋಣ ಎಂಬ ಬಾಯಿಮಾತಿನ ಒಪ್ಪಂದಗಳು ನ್ಯಾಯಾಲಯದ ಮೆಟ್ಟಿಲೇರಿದ ಉದಾಹರಣೆಗಳು ಬೇಕಾದಷ್ಟಿವೆ.

ಮೂರನೆಯ ಹಂತ: ನಮೂನೆ 29 ಮತ್ತು ನಮೂನೆ 30

ವರ್ಗಾವಣೆಯೆಲ್ಲ ನಿಂತಿರುವುದು ಈ ಎರಡು ನಮೂನೆಗಳ ಮೇಲೆ. ನಮೂನೆ 29 ಮಾರಿದವರು ಆರ್‌ಟಿಓಗೆ ಕೊಡುವ ತಿಳಿವಳಿಕೆ: ಇಂಥ ದಿನ, ಇಂಥ ನೋಂದಣಿ ಸಂಖ್ಯೆಯ ವಾಹನವನ್ನು, ಇಂಥ ವಿಳಾಸದ ಇಂಥವರಿಗೆ ಮಾರಿದ್ದೇನೆ, ಆರ್‌ಸಿ ಮತ್ತು ವಿಮೆಯ ಪ್ರಮಾಣಪತ್ರಗಳನ್ನು ಅವರಿಗೆ ಒಪ್ಪಿಸಿದ್ದೇನೆ ಎಂಬ ಘೋಷಣೆ. ನಮೂನೆ 30ರಲ್ಲಿ ಮಾರಿದವರ ಭಾಗವೂ ಕೊಂಡವರ ಭಾಗವೂ ಇದ್ದು, ಆರ್‌ಸಿಯಲ್ಲಿ ಹೆಸರು ಬದಲಾಯಿಸಿಕೊಡಿ ಎಂಬ ಕೋರಿಕೆ ಅದರಲ್ಲಿದೆ. ಕಾಯ್ದೆಯ 50ನೇ ಕಲಮು ಗಡುವುಗಳನ್ನು ಸ್ಪಷ್ಟವಾಗಿ ಹೇಳುತ್ತದೆ. ಅದೇ ರಾಜ್ಯದಲ್ಲಿ ನೋಂದಣಿಯಾದ ವಾಹನವಾದರೆ ಮಾರಿದವರು 14 ದಿನಗಳೊಳಗೆ, ಹೊರರಾಜ್ಯದ ವಿಚಾರವಾದರೆ 45 ದಿನಗಳೊಳಗೆ ತಮ್ಮ ಕರ್ತವ್ಯ ಮುಗಿಸಬೇಕು. ಕೊಂಡವರಿಗೆ ಇರುವುದು 30 ದಿನ.

ನಮೂನೆ 29ನ್ನು ಎರಡು ಪ್ರತಿಗಳಲ್ಲಿ ಸಲ್ಲಿಸಬೇಕೆಂದು ಅದರ ನೆತ್ತಿಯ ಮೇಲೆಯೇ ಅಚ್ಚಾಗಿದೆ. ಒಂದು ಪ್ರತಿ, ಹೆಸರು ಬದಲಾದ ಕೂಡಲೇ ನೋಂದಣಿ ಪ್ರಾಧಿಕಾರದ ಷರಾದೊಂದಿಗೆ ಮಾರಿದವರಿಗೆ ಮರಳಿ ಬರಬೇಕಾದದ್ದು. ಬಹುತೇಕರು ಅದನ್ನು ಕೇಳುವುದೇ ಇಲ್ಲ, ಅಂಥದ್ದೊಂದು ಹಕ್ಕು ತಮಗಿದೆಯೆಂಬುದೂ ಅವರಿಗೆ ಗೊತ್ತಿರುವುದಿಲ್ಲ. ಕನಿಷ್ಠಪಕ್ಷ ಸ್ವೀಕೃತಿ ಮುದ್ರೆಯಿರುವ ಪ್ರತಿಯನ್ನಾದರೂ, ಆನ್‌ಲೈನ್ ಅರ್ಜಿಯಾದರೆ ಅದರ ಸ್ವೀಕೃತಿ ಪತ್ರವನ್ನಾದರೂ ಮಾರಿದವರು ತಮ್ಮ ಬಳಿ ಇಟ್ಟುಕೊಳ್ಳಲೇಬೇಕು.

ಇನ್ನು ನಮ್ಮಲ್ಲಿ ಬೇರೂರಿರುವ ಒಂದು ಕೆಟ್ಟ ರೂಢಿಯ ಬಗ್ಗೆ. ಖಾಲಿ ನಮೂನೆಗಳಿಗೆ ಸಹಿ ಹಾಕಿ, ಕೊಂಡವರ ಹೆಸರು, ದಿನಾಂಕ ಯಾವುದನ್ನೂ ತುಂಬದೆ ಬ್ರೋಕರ್ ಕೈಗೆ ಕೊಡುವುದು. ಬ್ರೋಕರ್‌ಗೆ ಇದರಿಂದ ಅನುಕೂಲವಿದೆ: ಮುಂದಿನ ಗಿರಾಕಿ ಸಿಗುವವರೆಗೆ ಕಾರು ಹಳೆಯ ಮಾಲೀಕರ ಹೆಸರಿನಲ್ಲೇ ಓಡಾಡುತ್ತದೆ, ದಾಖಲೆಯಲ್ಲಿ ಮಾಲೀಕರ ಸಂಖ್ಯೆಯೂ ಒಂದು ಹೆಚ್ಚುವುದಿಲ್ಲ. ಸಹಿ ಹಾಕಿದವರಿಗಂತೂ ಅಪಾಯವಲ್ಲದೆ ಮತ್ತೇನೂ ಇಲ್ಲ. ಕೊಳ್ಳುವವರ ಪೂರ್ಣ ಹೆಸರು, ತಂದೆ ಅಥವಾ ಪತಿಯ ಹೆಸರು, ವಿಳಾಸ, ಮಾರಾಟದ ದಿನಾಂಕ ಇಷ್ಟನ್ನೂ ಶಾಯಿಯಲ್ಲಿ ತುಂಬಿದ ನಂತರವೇ ಸಹಿ ಹಾಕಬೇಕು. ಸಹಿಯು ಹಿಂದಿನ ದಾಖಲೆಗಳಲ್ಲಿರುವಂತೆಯೇ ಇರಬೇಕೆಂಬುದೂ ನೆನಪಿರಲಿ. ಕಾಲೇಜಿನ ದಿನಗಳಲ್ಲಿ ಕನ್ನಡದಲ್ಲಿ ಸಹಿ ಮಾಡಿ ಈಗ ಇಂಗ್ಲಿಷಿನಲ್ಲಿ ಮಾಡುವವರಿಗೆ ಇಲ್ಲಿ ಪೇಚಾಟವಾಗುತ್ತದೆ.

ಇದರ ಜೊತೆಗೆ ಎರಡು ಕಾಗದಗಳನ್ನು ನೀವೇ ಮಾಡಿಕೊಳ್ಳಬೇಕು. ಒಂದು, ಬೆಲೆ ಮತ್ತು ಷರತ್ತುಗಳಿರುವ ಮಾರಾಟ ಕರಾರು. ಇನ್ನೊಂದು ಡೆಲಿವರಿ ನೋಟ್: ಕಾರನ್ನು ಒಪ್ಪಿಸಿದ ದಿನಾಂಕದ ಜೊತೆಗೆ ಗಂಟೆ–ನಿಮಿಷ, ಓಡೋಮೀಟರಿನ ಅಂಕಿ, ಒಪ್ಪಿಸಿದ ಕೀಲಿಗಳ ಸಂಖ್ಯೆ ಇವೆಲ್ಲ ಇರುವ, ಕೊಂಡವರ ಸಹಿಯುಳ್ಳ ಪತ್ರ. ಸಂಜೆ 5 ಗಂಟೆಗೆ ಕಾರು ಕೊಟ್ಟು, 7 ಗಂಟೆಗೆ ಅದು ಯಾವುದೋ ಸಿಗ್ನಲ್ ಮುರಿದರೆ ಈ ಸಮಯದ ನಮೂದೇ ನಿಮ್ಮ ಉತ್ತರ. ಎರಡೂ ಕಡೆಯವರ ಗುರುತಿನ ಚೀಟಿಗಳ ಪ್ರತಿಗಳನ್ನೂ ವಿನಿಮಯ ಮಾಡಿಕೊಳ್ಳಬೇಕು. ಹಣವನ್ನು ಬ್ಯಾಂಕ್ ಮೂಲಕವೇ ಪಡೆಯುವುದು ಸೂಕ್ತ. ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಇವು ಉಪಯುಕ್ತ ಸಾಕ್ಷ್ಯಗಳೇ ಹೌದಾದರೂ ನೋಂದಣಿ ಪುಸ್ತಕದ ಹೆಸರಿಗೆ ಬದಲಿಯಲ್ಲ.

ನಾಲ್ಕನೆಯ ಹಂತ: ಜಾಲತಾಣದಲ್ಲಿ ಅರ್ಜಿ, ಕಚೇರಿಯಲ್ಲಿ ಪರಿಶೀಲನೆ

ಶಿವಮೊಗ್ಗದಲ್ಲಿ ನೋಂದಣಿಯಾದ ಕೆಎ-14 ಕಾರನ್ನು ಮೈಸೂರಿನವರು ಕೊಂಡರೆಂದು ಇಟ್ಟುಕೊಳ್ಳೋಣ. ಕೊಂಡವರು ತಮ್ಮ ವಾಸಸ್ಥಳದ ವ್ಯಾಪ್ತಿಯ, ಅಂದರೆ ಮೈಸೂರಿನ, ಪ್ರಾಧಿಕಾರಕ್ಕೆ ವರದಿ ಮಾಡಬೇಕು. ಕಾರಿನ ಸಂಖ್ಯೆ ಬದಲಾಗುವುದಿಲ್ಲ, ಕೆಎ-14 ಎಂದೇ ಉಳಿಯುತ್ತದೆ. ಆಜೀವ ತೆರಿಗೆಯನ್ನು ಹೊಸ ಕಾರು ಕೊಳ್ಳುವಾಗಲೇ ರಾಜ್ಯಕ್ಕೆ ಕಟ್ಟಿರುವುದರಿಂದ ರಾಜ್ಯದೊಳಗಿನ ವರ್ಗಾವಣೆಗೆ ಅದನ್ನು ಮತ್ತೆ ಕಟ್ಟುವ ಪ್ರಶ್ನೆಯೂ ಇಲ್ಲ.

ಪರಿವಾಹನ್ ಜಾಲತಾಣದ ವಾಹನ ಸೇವೆಗಳ ಪುಟದಲ್ಲಿ ಕರ್ನಾಟಕವನ್ನು ಆರಿಸಿ, ನೋಂದಣಿ ಸಂಖ್ಯೆಯನ್ನೂ ಚಾಸಿಸ್ ಸಂಖ್ಯೆಯ ಕೊನೆಯ ಐದು ಅಂಕಿಗಳನ್ನೂ ಕೊಟ್ಟರೆ, ಆರ್‌ಸಿಗೆ ಜೋಡಣೆಯಾಗಿರುವ ಮೊಬೈಲಿಗೆ ಒಟಿಪಿ ಬರುತ್ತದೆ. ಬಹಳ ಜನ ಮುಗ್ಗರಿಸುವುದು ಇಲ್ಲಿಯೇ. ಹತ್ತು ವರ್ಷದ ಹಿಂದೆ ಷೋರೂಮಿನವರು ಬರೆದುಕೊಂಡ ಸಂಖ್ಯೆ ಈಗ ಬಳಕೆಯಲ್ಲಿರುವುದಿಲ್ಲ. ಕೆಲವೊಮ್ಮೆ ಅದು ಮಾಲೀಕರ ಸಂಖ್ಯೆಯೇ ಆಗಿರುವುದಿಲ್ಲ. ಆದ್ದರಿಂದ ಮಾರಾಟದ ಯೋಚನೆ ಬಂದ ದಿನವೇ ಮಾಲೀಕರು ಅದೇ ಜಾಲತಾಣದಲ್ಲಿ ತಮ್ಮ ಮೊಬೈಲ್ ಸಂಖ್ಯೆಯನ್ನು ಸರಿಪಡಿಸಿಕೊಳ್ಳಬೇಕು.

ಒಳಹೊಕ್ಕ ನಂತರ ಮಾಲೀಕತ್ವ ವರ್ಗಾವಣೆಯ ಸೇವೆಯನ್ನು ಆರಿಸಿ, ಕೊಂಡವರ ಹೆಸರು, ವಿಳಾಸ, ಮಾರಾಟದ ದಿನಾಂಕ, ವಿಮೆಯ ವಿವರಗಳನ್ನು ತುಂಬಬೇಕು. ಹೆಸರಿನ ಕಾಗುಣಿತವು ಆಧಾರ್ ಕಾರ್ಡಿನಲ್ಲಿರುವಂತೆಯೇ ಇರಲಿ. ಇನಿಷಿಯಲ್ ಮುಂದೋ ಹಿಂದೋ ಎಂಬ ಸಣ್ಣ ವ್ಯತ್ಯಾಸವೂ ಮುಂದೆ ವಿಮೆಯ ಕ್ಲೇಮಿನ ಹೊತ್ತಿಗೆ ದೊಡ್ಡದಾಗುತ್ತದೆ. ಶುಲ್ಕ ಕಟ್ಟಿದ ಮೇಲೆ ಸಿಗುವ ಅರ್ಜಿ ಸಂಖ್ಯೆಯನ್ನು ಬರೆದಿಟ್ಟುಕೊಂಡು, ದಾಖಲೆಗಳನ್ನು ಅಪ್‌ಲೋಡ್ ಮಾಡಿ, ತುಂಬಿದ ನಮೂನೆಗಳನ್ನು ಮುದ್ರಿಸಿಕೊಳ್ಳಬೇಕು. ಆಧಾರ್ ದೃಢೀಕರಣದ ಮೂಲಕ ಕಚೇರಿಗೆ ಹೋಗದೆಯೇ ಮುಗಿಸಬಹುದಾದ 58 ಸೇವೆಗಳ ಪಟ್ಟಿಯನ್ನು ಕೇಂದ್ರ ಸರ್ಕಾರ 2022ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ್ದು, ಮಾಲೀಕತ್ವ ವರ್ಗಾವಣೆಯೂ ಅದರಲ್ಲಿದೆ. ಹಾಗಿದ್ದರೂ ಮೂಲ ದಾಖಲೆಗಳ ಕಟ್ಟೊಂದನ್ನು ಸಿದ್ಧವಾಗಿಟ್ಟುಕೊಳ್ಳುವುದು ಜಾಣತನ.

ಆ ಕಟ್ಟಿನಲ್ಲಿ ಇರಬೇಕಾದವು: ಮೂಲ ಆರ್‌ಸಿ, ಸಹಿಯಾದ ನಮೂನೆ 29 ಮತ್ತು 30, ಚಾಲ್ತಿಯಲ್ಲಿರುವ ವಿಮೆ, ಎಮಿಷನ್ ಪ್ರಮಾಣಪತ್ರ, ಕೊಂಡವರ ವಿಳಾಸದ ಪುರಾವೆ ಮತ್ತು ಭಾವಚಿತ್ರ, ಇಬ್ಬರ ಗುರುತಿನ ಚೀಟಿ, ಪ್ಯಾನ್ ಸಂಖ್ಯೆ ಅಥವಾ ಅದಿಲ್ಲದವರು ಕೊಡಬೇಕಾದ ಘೋಷಣಾ ಪತ್ರ, ಸಾಲವಿದ್ದಿದ್ದರೆ ನಮೂನೆ 35 ಮತ್ತು ಬ್ಯಾಂಕಿನ ಪತ್ರ, ಚಾಸಿಸ್ ಸಂಖ್ಯೆಯ ಪೆನ್ಸಿಲ್ ಪಡಿಯಚ್ಚು. ಕೊನೆಯದನ್ನು ತೆಗೆಯುವ ಬಗೆ ಸುಲಭ: ಕೊರೆದ ಸಂಖ್ಯೆಯ ಮೇಲಿನ ಧೂಳು, ಗ್ರೀಸ್ ಒರೆಸಿ, ತೆಳ್ಳನೆಯ ಕಾಗದ ಅಥವಾ ಸೆಲ್ಲೋಟೇಪ್ ಅಂಟಿಸಿ, ಪೆನ್ಸಿಲ್ಲಿನ ಮೊನೆಯನ್ನು ಓರೆಯಾಗಿ ಹಿಡಿದು ಉಜ್ಜಿದರೆ ಅಂಕಿಗಳು ಮೂಡುತ್ತವೆ.

ಶುಲ್ಕದ ವಿಷಯದಲ್ಲಿ ಮುಚ್ಚುಮರೆಯೇನಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 81ನೇ ನಿಯಮದಂತೆ ವರ್ಗಾವಣೆಗೆ ನೋಂದಣಿ ಶುಲ್ಕದ ಅರ್ಧದಷ್ಟು, ಅಂದರೆ ಖಾಸಗಿ ಕಾರಿಗೆ 300 ರೂಪಾಯಿ, ದ್ವಿಚಕ್ರ ವಾಹನಕ್ಕೆ 150 ರೂಪಾಯಿ. ಸ್ಮಾರ್ಟ್ ಕಾರ್ಡಿಗೆ 200 ರೂಪಾಯಿ. ಕೊಂಡವರು ಸಾಲ ಮಾಡಿ ಕೊಂಡಿದ್ದರೆ ಹೊಸ ಬ್ಯಾಂಕಿನ ಹೆಸರು ನಮೂದಿಸಲು ಕಾರಿಗೆ 1,500 ರೂಪಾಯಿ. ಇವುಗಳ ಮೇಲೆ ಸಣ್ಣಪುಟ್ಟ ಸೇವಾ ಶುಲ್ಕ. ಇದೇ ಕೆಲಸಕ್ಕೆ ಆರ್‌ಟಿಓ ಬಾಗಿಲಲ್ಲಿ ಸಾವಿರಗಳ ಲೆಕ್ಕದಲ್ಲಿ ಕೇಳುವವರಿದ್ದಾರೆ. ಸಮಯವಿಲ್ಲದವರು ಏಜೆಂಟರ ನೆರವು ಪಡೆಯುವುದರಲ್ಲಿ ತಪ್ಪೇನಿಲ್ಲವಾದರೂ, ಸರ್ಕಾರಿ ರಸೀದಿಯ ಮೊತ್ತವೆಷ್ಟು, ಏಜೆಂಟರ ಕೂಲಿಯೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ಕೇಳಿ ತಿಳಿದುಕೊಳ್ಳಬೇಕು.

ಅರ್ಜಿ ಮಂಜೂರಾದ ಮೇಲೆ ಹೊಸ ಸ್ಮಾರ್ಟ್ ಕಾರ್ಡ್ ಕೊಂಡವರ ವಿಳಾಸಕ್ಕೆ ಅಂಚೆಯಲ್ಲಿ ಹೋಗುತ್ತದೆ. ಅದು ಬರುವವರೆಗೆ ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ಆರ್‌ಸಿಯನ್ನು ತೋರಿಸಬಹುದು. 2018ರಿಂದ ಅದಕ್ಕೂ ಮೂಲ ದಾಖಲೆಯ ಮಾನ್ಯತೆಯಿದೆ. ಮಾರಿದವರು ಕೂಡ ವಾರಕ್ಕೊಮ್ಮೆ ಆ್ಯಪ್‌ನಲ್ಲಿ ಸಂಖ್ಯೆ ಹಾಕಿ, ಮಾಲೀಕರ ಹೆಸರು ಬದಲಾಗಿದೆಯೇ ಎಂದು ನೋಡುತ್ತಿರಬೇಕು.

ಐದನೆಯ ಹಂತ: ವಿಮೆ ಮತ್ತು ಫಾಸ್ಟ್ಯಾಗ್

ಆರ್‌ಸಿ ಬದಲಾದರೆ ವಿಮೆಯೂ ಬದಲಾದಂತೆ ಎಂಬುದು ಅರ್ಧ ಸತ್ಯ. ಕಾಯ್ದೆಯ 157ನೇ ಕಲಮು ಮಾಲೀಕತ್ವದ ಜೊತೆಗೆ ವಿಮೆಯೂ ವರ್ಗಾವಣೆಯಾಯಿತೆಂದು ಭಾವಿಸುತ್ತದೆ; ಆದರೆ ಈ ಭಾವನೆ ಮೂರನೆಯವರಿಗೆ ಆಗುವ ಹಾನಿಗೆ ಮಾತ್ರ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು 1996ರಷ್ಟು ಹಿಂದೆಯೇ ಸ್ಪಷ್ಟಪಡಿಸಿದೆ. ನಿಮ್ಮದೇ ಕಾರು ಜಖಂಗೊಂಡರೆ ಅಥವಾ ಕಳುವಾದರೆ, ಪಾಲಿಸಿ ಹಳೆಯವರ ಹೆಸರಿನಲ್ಲಿದ್ದಾಗ ವಿಮಾ ಕಂಪನಿ ಕೈಚೆಲ್ಲಬಹುದು. ಹಾಗಾಗಿ ಕೊಂಡವರು 14 ದಿನಗಳೊಳಗೆ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು.

ಕ್ಲೇಮ್ ಮಾಡದಿದ್ದುದಕ್ಕೆ ಸಿಗುವ ನೋ ಕ್ಲೇಮ್ ಬೋನಸ್ ವ್ಯಕ್ತಿಗೆ ಸೇರಿದ್ದು, ಕಾರಿಗಲ್ಲ. ಅದು ಶೇಕಡಾ 50ರವರೆಗೂ ಬೆಳೆದಿರುತ್ತದಾದ್ದರಿಂದ ಮಾರಿದವರು ಅದನ್ನು ಬಿಟ್ಟುಕೊಡುವುದು ದಡ್ಡತನ. ಮಾರಾಟದ ಪುರಾವೆ ಕೊಟ್ಟು ಕಂಪನಿಯಿಂದ ಪ್ರಮಾಣಪತ್ರ ಪಡೆದಿಟ್ಟುಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಇನ್ನೊಂದು ಕಾರಿಗೆ ಅದನ್ನು ಬಳಸಿಕೊಳ್ಳಬಹುದು. ಕೊಂಡವರು ಆ ರಿಯಾಯಿತಿಯ ವ್ಯತ್ಯಾಸವನ್ನು ಉಳಿದ ಅವಧಿಗೆ ಕಟ್ಟಬೇಕಾಗುತ್ತದೆ. ಫಾಸ್ಟ್ಯಾಗ್ ಮಾರಿದವರ ಖಾತೆಗೆ ಅಂಟಿಕೊಂಡಿರುತ್ತದೆ. ಒಂದು ವಾಹನಕ್ಕೆ ಒಂದೇ ಟ್ಯಾಗ್ ಎಂಬ ನಿಯಮವಿರುವುದರಿಂದ ಹಳೆಯದನ್ನು ಮುಚ್ಚಿಸದೆ ಹೊಸಬರಿಗೆ ಟ್ಯಾಗ್ ಸಿಗುವುದೂ ಕಷ್ಟ. ಕಾರು ಒಪ್ಪಿಸಿದ ದಿನವೇ ಅದನ್ನು ಮುಚ್ಚಿಸಬೇಕು.

ಡೀಲರಿಗೆ ಕೊಟ್ಟಾಗ

ಹಳೆಯ ಕಾರುಗಳ ವ್ಯಾಪಾರಿಗೆ ಕಾರು ಕೊಟ್ಟಾಗ, ಅದು ಅಂತಿಮ ಗ್ರಾಹಕರ ಹೆಸರಿಗೆ ಹೋಗುವವರೆಗಿನ ತಿಂಗಳುಗಳಲ್ಲಿ ಹೊಣೆ ಯಾರದೆಂಬುದು ಬಹುಕಾಲ ಮಸುಕಾಗಿಯೇ ಇತ್ತು. 2022ರ ಡಿಸೆಂಬರ್‌ನಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು ಈ ಸಂದಿಯನ್ನು ಮುಚ್ಚಿದವು. ಅಧಿಕೃತ ಡೀಲರಿಗೆ ಕಾರು ಒಪ್ಪಿಸಿದ್ದನ್ನು ನಮೂನೆ 29ಸಿ ಮೂಲಕ ಜಾಲತಾಣದಲ್ಲಿ ತಿಳಿಸಿದರೆ, ಅಲ್ಲಿಂದಾಚೆಗೆ ಆ ಡೀಲರನ್ನೇ ಮಾಲೀಕರೆಂದು ಪರಿಗಣಿಸಲಾಗುತ್ತದೆ. ಆದರೆ ಇದು ಸಾರಿಗೆ ಇಲಾಖೆಯ ಅಧಿಕಾರ ಪತ್ರವಿರುವ ಡೀಲರಿಗೆ ಮಾತ್ರ. ಆ ಪತ್ರವನ್ನು ತೋರಿಸಲು ಹಿಂಜರಿಯುವವರಿಗೆ ಕಾರು ಕೊಡುವುದು ಬೇಡ.

ಹೊರರಾಜ್ಯದ ಕಾರು

ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳ ಮೇಲೆ ಬಿದ್ದ ನಿರ್ಬಂಧದಿಂದಾಗಿ ಅಲ್ಲಿನ ಕಾರುಗಳು ಅಗ್ಗವಾಗಿ ಇಲ್ಲಿಗೆ ಬರುತ್ತವೆ. ಬೆಲೆ ನೋಡಿ ಮರುಳಾಗುವ ಮುಂಚೆ ತೆರಿಗೆಯ ಲೆಕ್ಕ ಹಾಕಬೇಕು. ಮೂಲ ಆರ್‌ಟಿಓದಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ನಮೂನೆ 27ರಲ್ಲಿ ಹೊಸ ಸಂಖ್ಯೆಗೆ ಅರ್ಜಿ ಹಾಕಬೇಕು, ಕಾರಿನ ಮೂಲ ಬೆಲೆ ಮತ್ತು ವಯಸ್ಸಿನ ಆಧಾರದ ಮೇಲೆ ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ವಯಸ್ಸಾದಷ್ಟೂ ದರ ಇಳಿಯುತ್ತದೆ. ಆದರೂ ದೇಶದಲ್ಲಿಯೇ ಹೆಚ್ಚಿನ ವಾಹನ ತೆರಿಗೆಯಿರುವ ರಾಜ್ಯಗಳಲ್ಲಿ ನಮ್ಮದೂ ಒಂದಾಗಿರುವುದರಿಂದ, ದುಬಾರಿ ಕಾರಾದರೆ ಅಗ್ಗದ ಲಾಭವನ್ನೆಲ್ಲ ತೆರಿಗೆಯೇ ನುಂಗಬಹುದು. ಇಲ್ಲಿನ ಕಾರು ಹೊರರಾಜ್ಯಕ್ಕೆ ಹೋಗುವಾಗಲೂ ನಿರಾಕ್ಷೇಪಣಾ ಪತ್ರ ಬೇಕು. ಅಲ್ಲಿ ಮರುನೋಂದಣಿಯಾದ ಮೇಲೆ ಉಳಿದ ಅವಧಿಯ ತೆರಿಗೆಯ ಮರುಪಾವತಿಗೆ ಇಲ್ಲಿ ಅರ್ಜಿ ಹಾಕಬಹುದು.

ಮಾಲೀಕರು ತೀರಿಕೊಂಡಾಗ

ಇಲ್ಲಿ ಮಾರುವವರಿಲ್ಲ, ಆದ್ದರಿಂದ ನಮೂನೆ 29 ಮತ್ತು 30ಕ್ಕೆ ಬದಲು ನಮೂನೆ 31 ಬರುತ್ತದೆ. ವಾರಸುದಾರರು ಮರಣದ ವಿಷಯವನ್ನೂ ವಾಹನವನ್ನು ತಾವು ಬಳಸುವ ಉದ್ದೇಶವನ್ನೂ 30 ದಿನಗಳೊಳಗೆ ಆರ್‌ಟಿಓಗೆ ತಿಳಿಸಬೇಕು. ಮೂರು ತಿಂಗಳೊಳಗೆ ತಮ್ಮ ಹೆಸರಿಗೆ ಮಾಡಿಕೊಡುವಂತೆ ಅರ್ಜಿ ಸಲ್ಲಿಸಬೇಕು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ ಇವು ಬೇಕಾಗುತ್ತವೆ. ತಂದೆಯ ಕಾರನ್ನು ಮಕ್ಕಳು ನೇರವಾಗಿ ಹೊರಗಿನವರಿಗೆ ಮಾರಲಾಗದು. ಮೊದಲು ವಾರಸುದಾರರೊಬ್ಬರ ಹೆಸರಿಗೆ ಬಂದು, ಆ ನಂತರವೇ ಮಾರಾಟ. ಅಣ್ಣತಮ್ಮಂದಿರಲ್ಲಿ ಒಬ್ಬರು ವಿದೇಶದಲ್ಲಿದ್ದರೆ ಒಪ್ಪಿಗೆ ಪತ್ರಕ್ಕೆ ಅಲ್ಲಿನ ಭಾರತೀಯ ದೂತಾವಾಸದ ದೃಢೀಕರಣ ಮಾಡಿಸಿ ಕಳುಹಿಸಲು ವಾರಗಳೇ ಹಿಡಿಯುತ್ತವೆ. 2021ರ ತಿದ್ದುಪಡಿಯ ನಂತರ ಆರ್‌ಸಿಯಲ್ಲಿ ನಾಮಿನಿಯ ಹೆಸರು ಸೇರಿಸಲು ಅವಕಾಶವಿದ್ದು, ಹೆಸರಿರುವ ನಾಮಿನಿಯು ಮರಣ ಪ್ರಮಾಣಪತ್ರ ಮತ್ತು ತಮ್ಮ ಗುರುತಿನ ದಾಖಲೆಗಳನ್ನು ಜಾಲತಾಣಕ್ಕೆ ಏರಿಸಿ, ತಮ್ಮ ಹೆಸರಿನಲ್ಲಿ ಹೊಸ ಆರ್‌ಸಿಗೆ ಅರ್ಜಿ ಹಾಕಬಹುದು. ಈಗಾಗಲೇ ಕಾರಿರುವವರೂ ಜಾಲತಾಣದ ಮೂಲಕ ನಾಮಿನಿಯ ಹೆಸರನ್ನು ಸೇರಿಸಿಕೊಳ್ಳಬಹುದು.